ಕೆಳಗಿನಕ್ಕನ ಟೆಸ್ಟ್ ಬುಕಿಂಗ್

ಮೂರನೇ ಕೌಂಟರಿನ ಗುಮಾಸ್ತನಿಗೆ ಮೂಲವ್ಯಾಧಿ ಇದೆಯೆಂಬುದು ಅವನ ಹೆಂಡತಿಗೂ ಪೂರ್ತಿಯಾಗಿ ಗೊತ್ತಿರಲಿಲ್ಲ. ಒಂದು ಗುರುವಾರ ಬೆಳಿಗ್ಗೆ ಹತ್ತೂವರೆಗೆ ಅದು ನಲವತ್ತು ಜನ ರೋಗಿಗಳಿಗೆ, ಅವರ ಜೊತೆ ಬಂದವರಿಗೆ, ಇಬ್ಬರು ನರ್ಸುಗಳಿಗೆ ಮತ್ತು ಆಸ್ಪತ್ರೆಯ ಟ್ರಸ್ಟಿನ ಅಧ್ಯಕ್ಷರಿಗೆ ಒಟ್ಟಿಗೇ ಗೊತ್ತಾಯಿತು.

ಆದದ್ದು ಇಷ್ಟು. ಅಧ್ಯಕ್ಷರು ವರ್ಷಕ್ಕೊಂದು ಸಲ ಬರುವವರು. ಬಂದವರು, "ಆನ್‌ಲೈನ್ ಬುಕಿಂಗ್ ಆನ್‌ಲೈನ್ ಬುಕಿಂಗ್ ಅಂತೀರಲ್ಲ, ಹೇಗೆ ನಡೆಯುತ್ತೆ ತೋರಿಸಿ ನೋಡೋಣ" ಅಂದರು. ಗುಮಾಸ್ತನಿಗೆ ನಲವತ್ತೆಂಟು ವರ್ಷ. ನಾಲ್ಕು ಜನರ ಮುಂದೆ ಮಾತಾಡುವ ಅವಕಾಶ ಸಿಕ್ಕರೆ ಊಟ ಬಿಟ್ಟುಬಿಡುವ ಜಾತಿಯವನು. ಕಂಪ್ಯೂಟರಿನ ಪುಟ ಎಲ್ಲರಿಗೂ ಕಾಣಲೆಂದು ಹಾಲಿನ ಗೋಡೆಯ ಟಿವಿಗೆ ವೈರು ಸಿಕ್ಕಿಸಿ, ಗಂಟಲು ಸರಿಮಾಡಿಕೊಂಡು, "ನೋಡಿ ಸರ್, ಒಂದೇ ಒಂದು ಗುಂಡಿ" ಎಂದು ಒತ್ತಿದ. ಗೋಡೆಯ ಮೇಲೆ ಗೇಣುದ್ದದ ಅಕ್ಷರಗಳಲ್ಲಿ 'ಮರಳಿ ಸ್ವಾಗತ' ಎಂದು ಮೂಡಿತು. ಅದರ ಕೆಳಗೆ ಅವನದೇ ಹೆಸರು, ಅವನದೇ ವಯಸ್ಸು, ಅದರ ಕೆಳಗೆ 'ವಿಭಾಗ: ಮೂಲವ್ಯಾಧಿ'. ಸೋಮವಾರ ಕೌಂಟರಿನಲ್ಲಿ ಯಾರೂ ಇಲ್ಲದಾಗ ಗುಟ್ಟಾಗಿ ಮಾಡಿಕೊಂಡ ಬುಕಿಂಗ್ ಅದು. ಗಾಬರಿಯಲ್ಲಿ ಮೌಸನ್ನು ಎಳೆದಾಡಿದ್ದಕ್ಕೆ 'ತೊಂದರೆಯ ವಿವರ' ಎಂಬ ಭಾಗವೂ ತೆರೆದುಕೊಂಡಿತು. ಬರೆಯುವ ಹುಚ್ಚಿದ್ದ ಮನುಷ್ಯ, ಅಲ್ಲಿ ಒಂದು ಪುಟ ಮನಬಿಚ್ಚಿ ಬರೆದಿದ್ದ.

ಅಧ್ಯಕ್ಷರು ಕೊನೆಯ ಸಾಲಿನವರೆಗೂ ಓದಿ ಕನ್ನಡಕ ತೆಗೆದರು. ಕೂತುಕೊಳ್ಳಲು ಕುರ್ಚಿ ಹುಡುಕುತ್ತಿದ್ದ ಗುಮಾಸ್ತನಿಗೆ, "ಪರವಾಗಿಲ್ಲ, ನಿಂತೇ ಇರಿ" ಅಂದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯಬೇಕಲ್ಲ. ಗುಮಾಸ್ತ ಮಧ್ಯಾಹ್ನ ಊಟದ ಹೊತ್ತಿಗೆ ನೆಲಮಾಳಿಗೆಗೆ ಇಳಿದ, ಕೆಳಗಿನಕ್ಕನ ಮೇಲೆ ಜಗಳಕ್ಕೆ.

ಕೆಳಗಿನಕ್ಕ ಎಂದರೆ ಆಸ್ಪತ್ರೆಯ ಬುಕಿಂಗ್ ಪುಟವನ್ನು ನೋಡಿಕೊಳ್ಳುವ ಹೆಂಗಸು. ಕೆಳಗೆ ಇರುತ್ತಿದ್ದರಿಂದ ಕೆಳಗಿನಕ್ಕ. ಅವಳ ಕೋಣೆಗೂ ಬಟ್ಟೆ ಒಗೆಯುವ ಕೋಣೆಗೂ ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ. ಆಚೆ ಬದಿಯಲ್ಲಿ ಹಾಸಿಗೆ ಬಟ್ಟೆ ಒಗೆಯುವ ಯಂತ್ರ ಗಿರಗಿರ ತಿರುಗಿದಾಗ ಈಚೆ ಬದಿಯಲ್ಲಿ ಅವಳ ಲೋಟದ ನೀರು ನಡುಗುತ್ತಿತ್ತು. ಎರಡು ಪರದೆ, ಒಂದು ಕೀರಲು ಫ್ಯಾನು, ದಿಂಬು ಕಟ್ಟಿದ ಕುರ್ಚಿ, ಮೇಜಿನ ಮೇಲೆ ಉದ್ದನೆಯ ರಟ್ಟಿನ ಪುಸ್ತಕ. ಸರ್ವರನ್ನು ಆರಿಸಿ ಮತ್ತೆ ಹಚ್ಚಿದಾಗಲೆಲ್ಲ ತಾರೀಕು, ಗಂಟೆ, ನಿಮಿಷವನ್ನು ಅವಳು ಅದರಲ್ಲಿ ಕೈಯಾರೆ ಬರೆದಿಡುತ್ತಿದ್ದಳು. ಅಂಥ ಪುಸ್ತಕಗಳು ಕಪಾಟಿನಲ್ಲಿ ಇನ್ನೂ ಏಳಿದ್ದವು.

"ಅಕ್ಕಾ, ನನ್ನ ಮಾನ ಮೂರು ಕಾಸಿಗೆ ಹೋಯ್ತು" ಎಂದು ಗುಮಾಸ್ತ ಶುರುಮಾಡಿದ.

ಅವಳು ತಿರುಗದೆಯೇ ಕೇಳಿದಳು, "ಸೋಮವಾರ ಲಾಗೌಟ್ ಮಾಡಿದ್ಯಾ?"

"ಪುಟ ಮುಚ್ಚಿದ್ದೆ."

"ಬಾಗಿಲು ಮುಂದೆ ಮಾಡಿದ್ದೆ ಅನ್ನು. ಚಿಲಕ ಹಾಕಿರಲಿಲ್ಲ."

"ನಾಲ್ಕು ದಿನ ಅದು ನನ್ನನ್ನ ನೆನಪಿಟ್ಕೊಂಡಿತ್ತಾ? ನನ್ನ ಹೆಂಡತಿ ಅಷ್ಟು ನೆನಪಿಟ್ಕೊಳ್ಳಲ್ಲ."

ಆಗ ಅವಳು ತಿರುಗಿದಳು. ಐವತ್ತನಾಲ್ಕು ವರ್ಷದ, ನೆತ್ತಿಯ ಮೇಲೆ ಕನ್ನಡಕ ಏರಿಸಿ ಅದನ್ನೇ ಮೇಜಿನ ಮೇಲೆ ಹುಡುಕುವ ಹೆಂಗಸು. ನಗಲಿಲ್ಲ. ಆದರೆ ಕುರ್ಚಿ ಎಳೆದು ಕೊಟ್ಟಳು, ತನ್ನ ಕುರ್ಚಿಯ ದಿಂಬು ಬಿಚ್ಚಿ ಅದರ ಮೇಲಿಟ್ಟಳು. ಅಷ್ಟು ಹೊತ್ತಿಗೆ ಸುದ್ದಿ ಕೆಳಗೂ ಇಳಿದಿತ್ತು ಎಂದಾಯಿತು. ಜಗಳಕ್ಕೆ ಬಂದವನು ದಿಂಬಿನ ಮೇಲೆ ಕೂತು ಅವಳ ಡಬ್ಬಿಯ ಅರ್ಧ ಊಟ ಮುಗಿಸಿ ಮೇಲೆ ಹೋದ. ಮಾರನೆಯ ದಿನದಿಂದ ತನ್ನ ಡಬ್ಬಿ ತೆಗೆದುಕೊಂಡು ಅಲ್ಲಿಗೇ ಬರತೊಡಗಿದ.

ಅವಳ ಚರಿತ್ರೆ ಅವನಿಗೆ ಸಿಕ್ಕಿದ್ದು ಹೀಗೆ, ತುತ್ತು ತುತ್ತಾಗಿ. ಹದಿನೆಂಟು ವರ್ಷದ ಹಿಂದೆ ಹಳೆಯ ರೋಗಿಗಳ ಕಾಗದಗಳನ್ನು ಟೈಪು ಮಾಡಲು ಸೇರಿದವಳು. ಆಮೇಲೆ ಒಬ್ಬ ಗುತ್ತಿಗೆಯವನು ಬಂದು ಮೂರು ತಿಂಗಳಲ್ಲಿ ಬುಕಿಂಗ್ ಪುಟ ಕಟ್ಟಿಕೊಟ್ಟ. ನಾಲ್ಕನೇ ತಿಂಗಳಿಂದ ಅವನ ಫೋನು ಸ್ವಿಚ್ ಆಫ್. ಪುಟ ಕೆಟ್ಟಾಗ ಯಾರನ್ನು ಕರೆಯುವುದು? ಕಂಪ್ಯೂಟರಿನ ಮುಂದೆ ಕೂರುವವಳು ಇವಳೊಬ್ಬಳೇ. ಇವಳನ್ನೇ ಕರೆದರು. ಎರಡು ದಪ್ಪ ಪುಸ್ತಕ ತಂದು, ಅಡುಗೆಮನೆಯಲ್ಲಿ ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಪುಸ್ತಕ ಹಿಡಿದು ಕಲಿತಳಂತೆ. "ಸಾರೂ ಕೆಡ್ತು, ಕೋಡೂ ಕೆಡ್ತು. ಸಾರು ಮನೇಲಿ ಇಬ್ಬರೇ ತಿಂದ್ವಿ" ಅನ್ನುತ್ತಿದ್ದಳು.

ಪುಟದ ರೋಗವೇನು ಎಂದು ಗುಮಾಸ್ತ ಒಂದು ದಿನ ಕೇಳಿದ. ಅವಳು ಹೇಳಿದ್ದರಲ್ಲಿ ಅವನಿಗೆ ಅರ್ಥವಾದದ್ದು ಇಷ್ಟು. ಎಲ್ಲರ ಹೆಸರು, ದಿನ, ಪಾಳಿ ಇರುವುದು ಡೇಟಾಬೇಸ್ ಎಂಬ ಉಗ್ರಾಣದಲ್ಲಿ. ಪುಟಕ್ಕೂ ಉಗ್ರಾಣಕ್ಕೂ ನೇರ ಮಾತಿಲ್ಲ. ನಡುವೆ ಓಡಾಡಿ ಕೇಳಿದ್ದನ್ನು ತಂದುಕೊಡುವ ಒಂದು ಸಣ್ಣ ಪ್ರೋಗ್ರಾಮಿದೆ, ಅದೇ ಡ್ರೈವರ್. ಗುತ್ತಿಗೆಯವನು ಹಾಕಿಹೋದ ಡ್ರೈವರಿಗೆ ಒಂದು ಕೆಟ್ಟ ಚಾಳಿ. ಕ್ಯಾಂಟೀನಿನಲ್ಲಿ ನೂರು ಲೋಟ ಇವೆ ಅಂತಿಟ್ಟುಕೊಳ್ಳಿ. ಬಂದವನು ನೀರು ಕುಡಿದು ಲೋಟ ವಾಪಸ್ ಇಡದೆ ಚೀಲಕ್ಕೆ ಹಾಕಿಕೊಂಡು ಹೋಗುತ್ತಾನೆ. ನೂರಾ ಒಂದನೆಯವನು ಬಂದಾಗ ನೀರಿದೆ, ಲೋಟವಿಲ್ಲ. ಸುಮ್ಮನೆ ನಿಲ್ಲುತ್ತಾನೆ. ಅವನ ಹಿಂದೆ ಇನ್ನೊಬ್ಬ. ಪುಟ ಬೆಳ್ಳಗಾಗುವುದು ಆಗ.

"ಮತ್ತೆ ಸೆಷನ್ನು ಅಂದ್ರೆ?"

"ನೀನು ಯಾರು ಅಂತ ಕಂಪ್ಯೂಟರು ಚೀಟಿ ಬರ್ಕೊಂಡು ಜೇಬಲ್ಲಿಟ್ಕೊಂಡಿರುತ್ತೆ. ಪ್ರತಿ ಪುಟಕ್ಕೂ 'ಯಾರಪ್ಪ ನೀನು' ಅಂತ ಕೇಳಬಾರದಲ್ಲ, ಅದಕ್ಕೆ. ಆರಿಸಿ ಹಚ್ಚಿದ್ರೆ," ಎಂದು ಹಲಗೆಯ ಗೋಡೆಯತ್ತ ಕೈ ತೋರಿಸಿದಳು, "ಜೇಬಲ್ಲಿ ಚೀಟಿ ಮರೆತು ಅಂಗಿ ಒಗೆದ ಹಾಗೆ. ಎಲ್ಲಾ ಹಿಟ್ಟು. ಅಷ್ಟೂ ಜನ ಮತ್ತೆ ಮೊದಲಿಂದ."

"ಹರೀಬೇಕಾದ ನನ್ನ ಚೀಟಿ ಮಾತ್ರ ಭದ್ರವಾಗಿಟ್ಟಿತ್ತು."

"ನಿನ್ನದು ಒಳ್ಳೇ ಅಕ್ಷರ ಇರಬೇಕು."

ಇದೆಲ್ಲ ನಗುವ ಮಾತು. ನಗು ನಿಲ್ಲುತ್ತಿದ್ದದ್ದು ಶನಿವಾರ.

ಆಸ್ಪತ್ರೆಯಲ್ಲಿ ಡಯಾಲಿಸಿಸ್ ಯಂತ್ರಗಳು ಆರು. ಮೂತ್ರಪಿಂಡ ಕೈಕೊಟ್ಟವರು ವಾರಕ್ಕೆ ಎರಡು ಸಲ ಬಂದು ನಾಲ್ಕು ಗಂಟೆ ಮಲಗಿ ರಕ್ತ ತೊಳೆಸಿಕೊಂಡು ಹೋಗಬೇಕು. ಪಾಳಿಗಳಲ್ಲಿ ಹೆಚ್ಚಿನವು ತೀರಾ ಕಷ್ಟದಲ್ಲಿದ್ದವರಿಗೆ ಕಾಯಂ. ಉಳಿದದ್ದು ಇಪ್ಪತ್ತು ಜನರಿಗೆ ಸಾಕಾಗುವಷ್ಟು. ಅದು ಬೇಕಾದವರು ಅರವತ್ತು ಚಿಲ್ಲರೆ. ಆ ಇಪ್ಪತ್ತು ಜಾಗ ಪ್ರತಿ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಪುಟದಲ್ಲಿ ತೆರೆಯುತ್ತಿತ್ತು, ಮೊದಲು ಒತ್ತಿದವರಿಗೆ ಮೊದಲು. ಸಿಕ್ಕದವರ ಹೆಸರು ಒತ್ತಿದ ಕ್ರಮದಲ್ಲಿ ಕಾಯುವವರ ಪಟ್ಟಿಗೆ. ಅವರು ವಾರವೆಲ್ಲ ಹಾಲಿನ ಬೆಂಚಿನಲ್ಲಿ ಕೂತು, ಯಾರಾದರೂ ಬರದೆ ಹೋದರೆ ಆ ಜಾಗಕ್ಕೆ ಕಾಯಬೇಕು. ಇಲ್ಲವೇ ಬಸ್ಸಿನಲ್ಲಿ ಮೂರು ಗಂಟೆ ಕೂತು ಪಕ್ಕದ ಊರಿನ ಆಸ್ಪತ್ರೆಗೆ ಹೋಗಬೇಕು.

ಒಂಬತ್ತಕ್ಕೆ ಅರವತ್ತು ಮನೆಯ ನೂರೈವತ್ತು ಬೆರಳು ಒಟ್ಟಿಗೆ ಬೀಳುತ್ತಿದ್ದವು. ಆರೇಳು ಜನರದ್ದು ಆಗುವಷ್ಟರಲ್ಲಿ, ಒಂಬತ್ತೂ ಎಂಟಕ್ಕೋ ಹತ್ತಕ್ಕೋ, ನೂರು ಲೋಟವೂ ಖಾಲಿ. ಪುಟ ಬೆಳ್ಳಗೆ. ಗುಮಾಸ್ತನ ಫೋನು ಹೊಡೆದುಕೊಳ್ಳತೊಡಗುತ್ತಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯ ಪೂಜಾರಿ ತಾನೇ ಎಂಬಂತೆ ಅವನು ಬೈಸಿಕೊಳ್ಳುತ್ತಿದ್ದ. ಕೆಳಗೆ ಅಕ್ಕ ಸರ್ವರನ್ನು ಆರಿಸಿ ಹಚ್ಚುತ್ತಿದ್ದಳು. ಹಚ್ಚಿದ ಮೇಲೆ ಎಲ್ಲ ಸರಿಯಿದೆಯೇ ಎಂದು ತಾನೇ ಒಂದು ಬುಕಿಂಗ್ ಮಾಡಿ ಪರೀಕ್ಷಿಸಿ, ಆಮೇಲೆ ಪುಟವನ್ನು ಜನರಿಗೆ ಬಿಡುತ್ತಿದ್ದಳು. ಮತ್ತೆ ನೂಕುನುಗ್ಗಲು. ಚೀಟಿಗಳೆಲ್ಲ ಹಿಟ್ಟಾಗಿರುತ್ತಿದ್ದರಿಂದ ಎಲ್ಲರೂ ಮೊದಲಿನಿಂದ ಹೆಸರು, ನಂಬರು, ಫೋನಿಗೆ ಬಂದ ಅಂಕಿ. ಕಣ್ಣು ಚುರುಕಿದ್ದವರಿಗೆ ಸಿಕ್ಕುತ್ತಿತ್ತು. ಒಂಬತ್ತೂಕಾಲಿಗೆ ಎಲ್ಲ ಮುಗಿದಿರುತ್ತಿತ್ತು.

ಅಕ್ಕನ ಗಂಡನೂ ಆ ಅರವತ್ತು ಜನರಲ್ಲಿ ಒಬ್ಬರು. ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ನಾಲ್ಕು ವರ್ಷದ ಹಿಂದೆ ಮೂತ್ರಪಿಂಡ ಕೆಟ್ಟು ಕೆಲಸ ಬಿಟ್ಟಿದ್ದರು. ಮಂಗಳವಾರ, ಶುಕ್ರವಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಎದೆ ಮುಂದೆ ಮಾಡಿ ಬರುತ್ತಿದ್ದರು. ಗುಮಾಸ್ತನನ್ನು ಕಂಡರೆ, "ಹೊಟ್ಟೆ ಒಳಗೆ. ಇನ್ನೂ ಒಳಗೆ. ಇಲ್ಲ ಬಿಡಿ, ಜಾಗ ಇಲ್ಲ" ಅನ್ನುತ್ತಿದ್ದರು.

"ಪ್ರತಿ ವಾರ ಸಿಗುತ್ತಲ್ಲ ಮೇಷ್ಟ್ರೇ ನಿಮಗೆ" ಎಂದರೆ, "ನನ್ನ ಹೆಂಡತಿ ಬೆರಳು ನೋಡಿದೀರಾ? ಹದಿನೆಂಟು ವರ್ಷ ಟೈಪು ಮಾಡಿರೋದು" ಎಂದು ಹೆಮ್ಮೆಪಡುತ್ತಿದ್ದರು. ಗುಮಾಸ್ತನಿಗೂ ಹೆಮ್ಮೆ. ಕಾಯಂ ಪಾಳಿ ಕೊಡಿ ಎಂದು ಅವಳು ಯಾವ ಡಾಕ್ಟರ ಹತ್ತಿರವೂ ಹೋದವಳಲ್ಲ. ಎಲ್ಲರ ಹಾಗೆ ಶನಿವಾರ, ಎಲ್ಲರ ಹಾಗೆ ಪುಟದಲ್ಲಿ. ಇದನ್ನು ಅವನು ಕೌಂಟರಿಗೆ ಬಂದು ಕಿರುಚುವವರಿಗೆಲ್ಲ ನೀತಿಪಾಠದಂತೆ ಹೇಳುತ್ತಿದ್ದ.

ಅದನ್ನು ಹೆಚ್ಚು ಸಲ ಕೇಳಿಸಿಕೊಂಡವನು ಕೊಡೆಯಣ್ಣ. ಬಸ್ ನಿಲ್ದಾಣದ ಮೆಟ್ಟಿಲ ಹತ್ತಿರ ಕೂತು ಕೊಡೆ ರಿಪೇರಿ ಮಾಡುತ್ತಿದ್ದವನು. ಕಡ್ಡಿ ಬಗ್ಗಿಸಿ ಬಗ್ಗಿಸಿ ಅವನ ಬೆರಳ ತುದಿಗಳು ಕಲ್ಲಾಗಿದ್ದವು. ಫೋನಿನ ಗಾಜು ಅವನ ಬೆರಳನ್ನು ಬೆರಳೆಂದೇ ಒಪ್ಪುತ್ತಿರಲಿಲ್ಲ, ಮೂರು ಸಲ ಒತ್ತಿದರೆ ಒಂದು ಸಲ ಕೇಳುತ್ತಿತ್ತು. ಪ್ರತಿ ಸೋಮವಾರ ಬಂದು, "ಸ್ವಾಮಿ, ಕೊನೇ ಪುಟದವರೆಗೂ ಹೋಗಿದ್ದೆ" ಅನ್ನುತ್ತಿದ್ದ.

"ಎಲ್ಲರೂ ಹಾಗೇ ಅಂತಾರೆ ಮಾರಾಯ."

"ಫೋಟೋ ಹೊಡೆದಿಟ್ಟಿದೀನಿ."

"ಫೋಟೋ ಇಟ್ಕೊಂಡು ಏನು, ಮಲಗೋಕೆ ಯಂತ್ರ ಬೇಕಲ್ಲ" ಎಂದು ಗುಮಾಸ್ತ ನಗಿಸಲು ನೋಡಿದ್ದ. ಕೊಡೆಯಣ್ಣ ನಕ್ಕೂ ಇದ್ದ. ಆಮೇಲೆ ಬೆಂಚಿನಲ್ಲಿ ಕೂತು ಕಾಯುತ್ತಿದ್ದ. ಕೆಲವು ವಾರ ಜಾಗ ಸಿಗುತ್ತಿತ್ತು, ಕೆಲವು ವಾರ ಬಸ್ಸು. ಕೊನೆಯ ಎರಡು ವಾರ ಎರಡೂ ಆಗಲಿಲ್ಲ. ಬಸ್ಸು ಹತ್ತುವಷ್ಟು ಉಸಿರಿರಲಿಲ್ಲ.

ಅವನ ಹೆಂಡತಿ ಒಂದು ಬುಧವಾರ ಕೌಂಟರಿಗೆ ಬಂದಳು. ಸಾಲಿನಲ್ಲಿ ನಿಂತು, ತನ್ನ ಸರದಿ ಬಂದ ಮೇಲೆ ಫೋನನ್ನು ಕಿಂಡಿಯೊಳಗೆ ತೂರಿಸಿದಳು.

"ಅಣ್ಣಾ, ಇವರು ಭಾನುವಾರ ಹೋಗ್ಬಿಟ್ರು. 'ಶನಿವಾರ ಒಂಬತ್ತಕ್ಕೆ ಮರೀಬೇಡಿ' ಅಂತ ನಿಮ್ಮ ಮೆಸೇಜು ಮಾತ್ರ ಬರ್ತಾನೇ ಇದೆ. ನಿಲ್ಲಿಸೋಕೆ ಎಲ್ಲಿ ಒತ್ತಬೇಕು?"

ಗುಮಾಸ್ತ ಫೋನು ತೆಗೆದುಕೊಂಡು ಎದ್ದ. ಪಕ್ಕದ ಕೌಂಟರಿನವನಿಗೆ ಸನ್ನೆ ಮಾಡಿ, ಅವಳನ್ನು ಕರೆದುಕೊಂಡು ಕೆಳಗಿಳಿದ.

ಅಕ್ಕ ಹೆಸರು ತೆಗೆದುಹಾಕಿದಳು. ಎರಡು ನಿಮಿಷದ ಕೆಲಸ. ಫೋನು ವಾಪಸ್ ಕೊಡುವಾಗ ಕೊಡೆಯಣ್ಣನ ಹೆಂಡತಿ, "ಅದರಲ್ಲಿ ಫೋಟೋ ಇವೆಯಂತೆ, ನಿಮ್ಮ ಆಫೀಸಿಗೆ ತೋರಿಸ್ಬೇಕು ಅಂತಿದ್ರು. ಇನ್ನೇನು ತೋರಿಸೋದು. ನೋಡೋದಾದ್ರೆ ನೋಡಿ" ಅಂದಳು.

ಹನ್ನೊಂದು ಫೋಟೋ. ಹೆಂಡತಿಯ ಫೋನಿನಲ್ಲಿ ಬುಕಿಂಗ್ ಪುಟ ತೆರೆದು, ತನ್ನ ಫೋನಿನಲ್ಲಿ ಅದರ ಚಿತ್ರ ಹೊಡೆದಿದ್ದ. ಹನ್ನೊಂದರಲ್ಲೂ ಅದೇ ಕೊನೆಯ ಪುಟ. ಮೇಲೆ ಅವನ ಹೆಸರು, ದಿನ, ಪಾಳಿ ಎಲ್ಲ ತುಂಬಿದೆ, ಕೆಳಗೆ 'ಖಚಿತಪಡಿಸಿ' ಎಂಬ ಹಸಿರು ಗುಂಡಿ, ಗುಂಡಿಯ ಮೇಲೆ ಕಲ್ಲಿನಂಥ ಒಂದು ಬೆರಳು. ಮೂಲೆಯಲ್ಲಿ ಗಂಟೆ. ಅಕ್ಕ ರಟ್ಟಿನ ಪುಸ್ತಕ ಬಿಚ್ಚಿದಳು. ಫೋಟೋದಲ್ಲಿ ಒಂಬತ್ತೂ ಎಂಟು, ಪುಸ್ತಕದಲ್ಲಿ ಒಂಬತ್ತೂ ಎಂಟು. ಫೋಟೋದಲ್ಲಿ ಒಂಬತ್ತೂ ಹನ್ನೊಂದು, ಪುಸ್ತಕದಲ್ಲಿ ಒಂಬತ್ತೂ ಹನ್ನೊಂದು. ಹನ್ನೊಂದನ್ನೂ ನೋಡಿದಳು. ಒಂದನ್ನೂ ಬಿಡಲಿಲ್ಲ.

"ಅವರು ಸರಿಯಾಗೇ ಒತ್ತಿದ್ರು" ಎಂದಳು. "ಅವರದ್ದೇನೂ ತಪ್ಪಿಲ್ಲ."

"ನಾನು ಬೈತಿದ್ದೆ" ಅಂದಳು ಕೊಡೆಯಣ್ಣನ ಹೆಂಡತಿ. "ನಿಮಗೆ ಒತ್ತೋಕೆ ಬರಲ್ಲ, ನನ್ನ ಕೈಗೆ ಕೊಡಿ ಅಂತ." ಫೋನನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದಳು.

ಗುಮಾಸ್ತ ಎಂದಿನ ದಿಂಬಿನ ಮೇಲೆ ಕೂತ. ಸುಮ್ಮನಿರಲಾರದ ಬಾಯಿ ಅಲ್ಲವೇ, ಮೇಲಿನವರನ್ನು ಬೈಯತೊಡಗಿದ. "ಹೊಸ ಡ್ರೈವರ್ ಹಾಕಿಸಿ ಅಂತ ನೀವು ಎಷ್ಟು ಸಲ ಬರೆದ್ರಿ ಅಕ್ಕಾ. ಅಧ್ಯಕ್ಷರಿಗೆ ಗೋಡೆಗೆ ಬಣ್ಣ ಹೊಡೆಸೋಕೆ ಪುರುಸೊತ್ತಿದೆ, ಇದಕ್ಕಿಲ್ಲ."

"ಬರೆದಿದ್ದಕ್ಕೆ ಒಪ್ಪಿಗೆ ಬಂದು ಹದಿನಾರು ತಿಂಗಳಾಯ್ತು."

"ಮತ್ತೆ?"

"ಕೆಲಸ ಮುಗಿದು ಹದಿನಾಲ್ಕು ತಿಂಗಳು." ಪರದೆಯ ಮೇಲೆ ಒಂದು ಫೋಲ್ಡರ್ ತೋರಿಸಿದಳು. "ಹೊಸ ಡ್ರೈವರಿದೆ. ಲೋಟ ಮೂವತ್ತೇ ಸಾಕು, ಕುಡಿದವನು ವಾಪಸ್ ಇಡದೆ ಆಚೆ ಹೋಗೋ ಹಾಗಿಲ್ಲ. ಚೀಟಿಗಳೆಲ್ಲ ಉಗ್ರಾಣದಲ್ಲೇ ಇರುತ್ವೆ, ಸರ್ವರ್ ಬಿದ್ದರೂ ಕಳೆಯಲ್ಲ. ಕೌಂಟರಿನ ಕಂಪ್ಯೂಟರಲ್ಲಿ ಹತ್ತು ನಿಮಿಷ ಸುಮ್ನಿದ್ರೆ ತಾನೇ ಲಾಗೌಟ್ ಆಗುತ್ತೆ. ಎಲ್ಲಾ ಇದೆ."

"ಮತ್ಯಾಕೆ ಹಾಕಿಲ್ಲ?"

ಆಚೆ ಬದಿ ಯಂತ್ರ ನೀರು ಹೊರಗೆ ಬಿಟ್ಟಿತು. ಅವಳು ಫೋಲ್ಡರ್ ಮುಚ್ಚಿದಳು.

"ಆರಿಸಿ ಹಚ್ಚಿದ ಮೇಲೆ ಟೆಸ್ಟಿಗೆ ಅಂತ ಒಂದು ಬುಕಿಂಗ್ ಮಾಡ್ತೀನಲ್ಲ. ಅದಕ್ಕೆ ಯಾರದ್ದಾದರೂ ಒಂದು ರೋಗಿ ನಂಬರು ಬೇಕು. ಸುಳ್ಳು ನಂಬರು ಉಗ್ರಾಣ ತಗೊಳ್ಳಲ್ಲ. ಮೊದಲನೇ ಸಲ ಬಾಯಿಗೆ ಬಂದದ್ದು ಇವರ ನಂಬರು. ಮನೇಲಿ ದಿನಾ ನೋಡೋದು, ಬಾಯಿಪಾಠ. ಟೆಸ್ಟ್ ಆದ ಮೇಲೆ ತೆಗೆದುಹಾಕಬೇಕು, ಅದು ಕ್ರಮ. ಆ ಸಲ ಫೋನು ಬಂತು, ಮರೆತೆ."

"ಎರಡನೇ ಸಲ?"

"ಎರಡನೇ ಸಲ ಮರೀಲಿಲ್ಲ."

ಗುಮಾಸ್ತನಿಗೆ ತಿಳಿಯಿತು. ಪುಟವನ್ನು ಜನರಿಗೆ ಬಿಡುವ ಮೊದಲೇ ಮೇಷ್ಟ್ರ ಜಾಗ ಆಗಿಹೋಗಿರುತ್ತಿತ್ತು. ನಾಲ್ಕು ವರ್ಷ, ಪ್ರತಿ ಶನಿವಾರ. ಪುಟ ಬಿದ್ದರೆ ಉಂಟು, ಬೀಳದಿದ್ದರೆ ಇಲ್ಲ. ಲೋಟ ಕದಿಯುವ ಹಳೆಯ ಡ್ರೈವರು ಕೊಡೆಯಣ್ಣನ ಪಾಲಿಗೆ ಏನಾಗಿತ್ತೋ ಆಗಿತ್ತು, ಮೇಷ್ಟ್ರ ಪಾಲಿಗೆ ಉಸಿರಾಗಿತ್ತು. ಮತ್ತು ತಾನು ಕೌಂಟರಿನಲ್ಲಿ ಕೂತು ಹೇಳುತ್ತಿದ್ದ ನೀತಿಪಾಠವನ್ನು ನೆನೆಸಿಕೊಂಡರೆ, ಟಿವಿಯ ಮೇಲೆ ಮೂಲವ್ಯಾಧಿ ಮೂಡಿದ ದಿನವೇ ವಾಸಿಯಾಗಿತ್ತು.

"ಅಕ್ಕಾ, ಯಾರಿಗೂ ಗೊತ್ತಿಲ್ಲ" ಎಂದ ಮೆಲ್ಲಗೆ.

"ನಿನಗೀಗ ಗೊತ್ತಲ್ಲ."

"ನಾನು ಬಾಯಿಬಡುಕ ಹೌದು, ಆದ್ರೆ ಇದನ್ನ..." ಸ್ವಲ್ಪ ಯೋಚಿಸಿ ಅವನೇ ದಾರಿ ಹುಡುಕಿದ. "ಹೊಸದನ್ನೂ ಹಾಕಿ, ಟೆಸ್ಟನ್ನೂ ಮಾಡಿ. ಒಂಬತ್ತಕ್ಕೆ ಒಂದು ನಿಮಿಷ ಮುಂಚೆ. ಹೊಸದು ಅಂದ ಮೇಲೆ ಟೆಸ್ಟು ಬೇಡವಾ?"

"ಬೀಳದೇ ಇರೋದಕ್ಕೆ ಯಾತರ ಟೆಸ್ಟಪ್ಪ" ಎಂದಳು. "ಇಷ್ಟು ದಿನ ನನ್ನ ಹತ್ತಿರ ಒಂದು ನೆಪ ಇತ್ತು. ನೆಪ ಇಲ್ಲದೆ ಅದನ್ನೇ ಮಾಡು ಅಂತೀಯಾ?"

ಗುಮಾಸ್ತ ದಿಂಬಿನಿಂದ ಎದ್ದ. ಡಬ್ಬಿ ಬಿಚ್ಚದೆಯೇ ಮೇಲೆ ಹೋದ.

ಗುರುವಾರ ಬೆಳಿಗ್ಗೆ ಅವಳು ಪುಟವನ್ನು ಒಂದು ಗಂಟೆ ನಿಲ್ಲಿಸಿ, ಉಗ್ರಾಣದ ನಕಲು ತೆಗೆದಿಟ್ಟು, ಹೊಸದನ್ನು ಹಾಕಿದಳು. ಹದಿನಾಲ್ಕು ತಿಂಗಳು ಫೋಲ್ಡರಿನಲ್ಲಿ ಕೂತಿದ್ದದ್ದು ಐವತ್ತು ನಿಮಿಷದಲ್ಲಿ ಒಳಗೆ ಹೋಯಿತು.

ಶನಿವಾರ ಒಂಬತ್ತಕ್ಕೆ ಗುಮಾಸ್ತ ಫೋನಿನ ಪಕ್ಕದಲ್ಲಿ ನೀರಿನ ಬಾಟಲಿ ಇಟ್ಟುಕೊಂಡು ಕೂತ. ಒಂಬತ್ತೂ ಒಂದು. ಎರಡು. ಫೋನು ಕೆಟ್ಟಿದೆಯೇ ಎಂದು ಎತ್ತಿ ಕಿವಿಗಿಟ್ಟು ನೋಡಿದ, ಸರಿಯಾಗಿತ್ತು. ಒಂಬತ್ತೂ ನಾಲ್ಕಕ್ಕೆ ಇಪ್ಪತ್ತು ಜಾಗವೂ ತುಂಬಿದವು. ಯಾರ ಪುಟವೂ ಬೆಳ್ಳಗಾಗಲಿಲ್ಲ, ಯಾರೂ ಎರಡನೇ ಸಲ ಹೆಸರು ಬರೆಯಲಿಲ್ಲ. ಅವನು ಕೆಳಗೆ ಓಡಿದ. ಅಕ್ಕ ಪರದೆಯ ಮೇಲೆ ಕಣ್ಣಿಟ್ಟು ಕೂತಿದ್ದಳು. ಮೊದಲ ಶನಿವಾರ, ಎಲ್ಲಿ ಏನಾಗುತ್ತದೋ ಎಂದು ಕಾಯಲೇಬೇಕಿತ್ತು, ಬುಕಿಂಗ್ ಮಾಡಲು ಕೈ ಬಿಡುವಿರಲಿಲ್ಲ. ಲೋಟಗಳು ಹೋಗುತ್ತಿದ್ದವು, ಬರುತ್ತಿದ್ದವು. ಒಂದು ಹೊತ್ತಿಗೆ ಹನ್ನೆರಡಕ್ಕಿಂತ ಹೆಚ್ಚು ಆಚೆ ಹೋಗಿರಲಿಲ್ಲ.

"ಮೇಷ್ಟ್ರದ್ದು?"

"ಮನೆಯಿಂದ ಅವರೇ ಒತ್ತಿದ್ರು. ಮೇಲೆ ಸೂಚನೆಗಳು ಅಂತ ಒಂಬತ್ತು ಸಾಲಿದೆ ನೋಡು. ಅಷ್ಟನ್ನೂ ಓದಿ ಆಮೇಲೆ ಒತ್ತಿದ್ದಾರೆ. ಇಷ್ಟು ವರ್ಷದಲ್ಲಿ ಆ ಸೂಚನೆ ಓದಿದ ಮೊದಲನೇ ಮನುಷ್ಯ ಇರಬೇಕು. ಅದನ್ನ ಬರೆದವಳು ನಾನೇ, ನಾನೇ ಓದಿಲ್ಲ."

ಕಾಯುವವರ ಪಟ್ಟಿಯಲ್ಲಿ ಹದಿನೇಳನೇ ನಂಬರು.

ಮಂಗಳವಾರ ಮೇಷ್ಟ್ರು ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಬೆಂಚಿನಲ್ಲಿ ಕೂತರು. ಎದೆ ಮುಂದಿರಲಿಲ್ಲ. ಪಾದ ಊದಿ ಶೂ ಹಿಡಿಯದೆ ಚಪ್ಪಲಿ ಹಾಕಿದ್ದರು, ಅದನ್ನು ಬೆಂಚಿನ ಕೆಳಗೆ ಮರೆಮಾಡಲು ನೋಡುತ್ತಿದ್ದರು. ಹನ್ನೊಂದು ಗಂಟೆಗೆ ಒಂದು ಹಾಸಿಗೆ ಖಾಲಿಯೆಂದು ನರ್ಸು ಚೀಟಿ ಕಳಿಸಿದಳು. ಗುಮಾಸ್ತ ಪಟ್ಟಿಯನ್ನು ನೋಡಿದ, ಬೆಂಚನ್ನು ನೋಡಿದ. ಪಟ್ಟಿ ಅವನ ಕೈಯಲ್ಲಿ, ಕೂಗುವ ಬಾಯಿ ಅವನದ್ದು. ಎದ್ದು ನಿಂತು, ಮೇಷ್ಟ್ರ ಕಡೆ ಒಂದು ಹೆಜ್ಜೆ ಇಟ್ಟ.

"ನಂಬರ್ ಪ್ರಕಾರ ಕೂಗಿ ಸ್ವಾಮಿ" ಅಂದರು ಮೇಷ್ಟ್ರು, ತಲೆ ಎತ್ತದೆ.

ಮೊದಲ ನಂಬರಿನ ಮುದುಕಿಯನ್ನು ಕೂಗಿ ಬಂದು ಅವನು ಅವರ ಪಕ್ಕ ಕೂತ.

"ಅವಳು ಎಲ್ಲಾ ಹೇಳಿದ್ಲು" ಎಂದರು ಮೇಷ್ಟ್ರು. "ಮೂವತ್ತು ವರ್ಷ ಮಕ್ಕಳಿಗೆ ಸಾಲಲ್ಲಿ ನಿಲ್ಲೋದು ಕಲಿಸಿದೆ. ಮುಂದೆ ನುಗ್ಗಿದವನಿಗೆ ಮೈದಾನ ಸುತ್ತು ಓಡಿಸ್ತಿದ್ದೆ. ನಾಲ್ಕು ವರ್ಷ ನಾನೇ ಸಾಲಲ್ಲಿರಲಿಲ್ಲ ಅಂತ ಈಗ ಗೊತ್ತಾಯ್ತು."

"ನಿಮಗೇನು ಗೊತ್ತಿತ್ತು ಪಾಪ."

"ಗೊತ್ತಿರಲಿಲ್ಲ ಅನ್ನೋದನ್ನ ಆ ಕೊಡೆಯವನಿಗೆ ಹೇಳಿ ಬನ್ನಿ." ಸ್ವಲ್ಪ ಹೊತ್ತು ಉಸಿರೆಳೆದುಕೊಂಡರು. ಮಾತಿನ ನಡುವೆ ಈಗ ಉಸಿರಿಗೂ ಜಾಗ ಬಿಡಬೇಕಾಗಿತ್ತು. "ಅವಳನ್ನ ಬೈಯೋಣ ಅಂದ್ರೆ ಬಾಯಿ ಬರಲ್ಲ. ಬೈಯದೇ ಇರೋಣ ಅಂದ್ರೆ ಅವಳೇ ಕಾಯ್ತಾ ಇರ್ತಾಳೆ, ಯಾವಾಗ ಬೈತೀರಾ ಅನ್ನೋ ಹಾಗೆ."

ಆ ದಿನ ಸಿಗಲಿಲ್ಲ. ಶುಕ್ರವಾರ ಸಂಜೆ ಹೊತ್ತಿಗೆ ಒಂದು ಸಿಕ್ಕಿತು. ಮುಂದಿನ ವಾರವೂ ಪಟ್ಟಿಯಲ್ಲೇ. ಬುಧವಾರ ಗಂಡ ಹೆಂಡತಿ ಪಕ್ಕದ ಊರಿಗೆ ಬಸ್ಸಿನಲ್ಲಿ ಹೋಗಿ ಬಂದರು. ಮೂರು ಗಂಟೆ ಹೋಗುವುದು, ನಾಲ್ಕು ಗಂಟೆ ಯಂತ್ರ, ಮೂರು ಗಂಟೆ ಬರುವುದು. ಹೋಗಿದ್ದಕ್ಕಿಂತ ಬಂದದ್ದೇ ಆಯಾಸ ಎಂದು ಮಾರನೆಯ ದಿನ ಅಕ್ಕ ಹೇಳಿದಳು. ಕುರ್ಚಿಯಲ್ಲಿ ಕೂತೇ ನಿದ್ದೆ ಹೋಗಿದ್ದಳು, ನೆತ್ತಿಯ ಮೇಲೆ ಕನ್ನಡಕ ಹಾಗೇ ಇತ್ತು.

ಗುಮಾಸ್ತನನ್ನು ಕಾಡಿದ್ದು ಇನ್ನೊಂದು. ಈಗ ಯಾರೂ ಬೈಯುತ್ತಿರಲಿಲ್ಲ. ಮೊದಲಾದರೆ ಸಿಗದ ನಲವತ್ತು ಜನರೂ ಫೋನು ಮಾಡಿ ಪುಟವನ್ನು, ಅವನನ್ನು, ಅವನ ವಂಶವನ್ನು ಬೈಯುತ್ತಿದ್ದರು. ಬೈದು ಹಗುರಾಗುತ್ತಿದ್ದರು, ಮುಂದಿನ ವಾರ ಸರಿಹೋದೀತು ಎಂದುಕೊಳ್ಳುತ್ತಿದ್ದರು. ಈಗ ಪುಟ ಸೌಜನ್ಯದಿಂದ, ಒಂದೇ ಕ್ಷಣದಲ್ಲಿ, 'ಜಾಗಗಳು ಭರ್ತಿಯಾಗಿವೆ, ನಿಮ್ಮ ಕಾಯುವ ಸಂಖ್ಯೆ ಇಷ್ಟು' ಅನ್ನುತ್ತಿತ್ತು. ಬೈಯಲು ಯಾರೂ ಉಳಿದಿರಲಿಲ್ಲ. ಅವರೆಲ್ಲ ಸುಮ್ಮನೆ ಬಂದು ಬೆಂಚಿನಲ್ಲಿ ಕೂರುತ್ತಿದ್ದರು. ಬೆಂಚು ಸಾಲದೆ ಇನ್ನೆರಡು ತಂದು ಹಾಕಿದ್ದರು. ಯಂತ್ರಗಳು ಆರೇ ಇದ್ದವು.

ಮೂರನೇ ಶನಿವಾರ ಹನ್ನೊಂದು ಗಂಟೆಗೆ ಅಧ್ಯಕ್ಷರ ಕಚೇರಿಯಿಂದ ಒಂದು ಕಾಗದ ಬಂತು. ಒಂದೂ ದೂರು ಬಾರದ ಮೂರು ಶನಿವಾರ ಆಸ್ಪತ್ರೆಯ ಚರಿತ್ರೆಯಲ್ಲೇ ಇಲ್ಲವಂತೆ, ಬಹಳ ಸಂತೋಷವಂತೆ, ವಾರ್ಷಿಕ ವರದಿಯಲ್ಲಿ ಹಾಕಲು ಸಂಬಂಧಪಟ್ಟವರಿಂದ ಎರಡು ಸಾಲು ಬರೆಸಿ ಕಳಿಸಬೇಕಂತೆ. ಗುಮಾಸ್ತ ಕಾಗದ, ಪೆನ್ನು ಹಿಡಿದು ಕೆಳಗಿಳಿದ.

ಅಕ್ಕ ರಟ್ಟಿನ ಪುಸ್ತಕಗಳನ್ನು ಕಪಾಟಿನಿಂದ ತೆಗೆದು ಹಗ್ಗ ಹಾಕಿ ಕಟ್ಟುತ್ತಿದ್ದಳು. ಬರೆಯಲು ಇನ್ನೇನೂ ಇರಲಿಲ್ಲ, ಮೂರು ಶನಿವಾರದಿಂದ ಸರ್ವರನ್ನು ಆರಿಸಿಯೇ ಇರಲಿಲ್ಲ. ಹಲಗೆಯ ಆಚೆ ಯಂತ್ರ ತಿರುಗುತ್ತಿತ್ತು. ಅವಳ ಫೋನು ಮೇಜಿನ ಮೇಲೆ ಅಂಗಾತ ಬಿದ್ದಿತ್ತು. ಬೆಳಿಗ್ಗೆ ಮೇಷ್ಟ್ರು ಮನೆಯಿಂದ ಕಳಿಸಿದ ಕಾಯುವ ಸಂಖ್ಯೆಯ ಸಂದೇಶ ಅದರ ಮೇಲೆ ಇನ್ನೂ ಹಾಗೇ ಇತ್ತು.

ಅವನು ಬಾಗಿಲಲ್ಲೇ ನಿಂತ. ದಿಂಬಿನ ಮೇಲೆ ಕೂರುವ ಮನಸ್ಸಾಗಲಿಲ್ಲ.

"ಅಕ್ಕಾ, ಒಂದು ಮಾತು ಕೇಳ್ತೀನಿ, ಬೈಬೇಡಿ. ಹಳೇದನ್ನ ವಾಪಸ್ ಹಾಕೋಕಾಗುತ್ತಾ?"

"ಆಗುತ್ತೆ. ನಕಲು ಇದೆ. ಐದು ನಿಮಿಷ."

"ಹಾಕ್ತೀರಾ?"

ಅವಳು ಹಗ್ಗಕ್ಕೆ ಎರಡನೇ ಗಂಟು ಹಾಕಿದಳು. "ಅದೇನು ಕಾಗದ?"

ಅವನು ಕಾಗದ ಬಿಡಿಸಿದ. ಮೇಲೆ ಅಚ್ಚಾಗಿದ್ದ ಪ್ರಶ್ನೆಯನ್ನು ಓದಲು ಮನಸ್ಸಿರಲಿಲ್ಲ, ಆದರೂ ಓದಿದ. "ಹೊಸ ವ್ಯವಸ್ಥೆ ಬಂದ ಮೇಲೆ ಸುಧಾರಣೆ ಏನು ಕಂಡಿದೆ ಅಂತ ಕೇಳಿದಾರೆ. ಎರಡು ಸಾಲು ಸಾಕಂತೆ. ಏನಂತ ಬರೀಲಿ?"

ಅವಳು ಫೋನನ್ನು ತನ್ನ ಕಡೆ ತಿರುಗಿಸಿ ಸಂದೇಶವನ್ನು ಇನ್ನೊಂದು ಸಲ ನೋಡಿದಳು.

"ಮೊದಲನೇ ವಾರ ಹದಿನೇಳು, ಈ ವಾರ ಹದಿನಾಲ್ಕು. ಬರ್ಕೋ."